ಘಾಟಿಗೂ ಟ್ರ್ಯಾಕಿಗೂ ಹೋಗುವ ಸ್ಪೋರ್ಟ್ಸ್ ಕಾರಿಗೆ ಯಾವ ಬ್ರೇಕ್ ಆಯಿಲ್ ಹಾಕಬೇಕು?

ಡಿಸೆಂಬರ್‌ನ ಒಂದು ಬೆಳಗ್ಗೆ ಮುಳ್ಳಯ್ಯನಗಿರಿಯಿಂದ ಇಳಿದು ಬಂದು ಕೈಮರದ ಹತ್ತಿರ ಕಾರು ನಿಲ್ಲಿಸಿದೆ. ಅಲ್ಲಿಯವರೆಗೂ ಬ್ರೇಕು ಚೆನ್ನಾಗೇ ಹಿಡಿಯುತ್ತಿತ್ತು. ಒಂದು ಲೋಟ ಕಾಫಿ ಕುಡಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಹೊರಟೆ. ಮುಂದಿನ ತಿರುವಿನಲ್ಲಿ ಎದುರಿಗೆ ಜೀಪು ಬಂತು. ಬ್ರೇಕ್ ಒತ್ತಿದೆ, ಪೆಡಲ್ ಸೀದಾ ನೆಲಕ್ಕೆ ಹೋಯಿತು. ಖಾಲಿ ಗೋಣಿಚೀಲ ತುಳಿದ ಹಾಗೆ, ಕಾಲಿಗೆ ಏನೂ ಸಿಗಲಿಲ್ಲ. ಮೂರು ಸಲ ಪಂಪ್ ಮಾಡಿದ ಮೇಲೆ ಸ್ವಲ್ಪ ಹಿಡಿಯಿತು. ಹ್ಯಾಂಡ್‌ಬ್ರೇಕ್ ಎಳೆದು, ಮೊದಲನೇ ಗೇರಿಗೆ ಹಾಕಿ, ಎಡಗಡೆಯ ಧರೆಗೆ ಒತ್ತಿಕೊಂಡು ನಿಂತೆ.

ಮನೆಗೆ ಬಂದು ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ತುಂಬುವ ಡಬ್ಬಿಯಲ್ಲಿ ಆಯಿಲ್ ಜೇನುತುಪ್ಪದ ಬಣ್ಣದಲ್ಲಿ ಫಳಫಳ ಅಂತಿತ್ತು. ಎರಡು ತಿಂಗಳ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಬದಲಾಯಿಸಿಕೊಂಡಿದ್ದೆ, ಬಿಲ್ಲೂ ಇತ್ತು. ಆದರೆ ಮುಂದಿನ ಚಕ್ರ ಬಿಚ್ಚಿ ಕ್ಯಾಲಿಪರ್‌ನ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡ್‌ಗಳಿಂದ ಒತ್ತಿ ಹಿಡಿಯುವ ಭಾಗ) ನಿಪ್ಪಲ್, ಅಂದರೆ ಆಯಿಲ್ ಹೊರಗೆ ಬಿಡುವ ಸಣ್ಣ ಬೋಲ್ಟ್, ಸಡಿಲಿಸಿದಾಗ ಹೊರಗೆ ಬಂದದ್ದು ಗಟ್ಟಿ ಡಿಕಾಕ್ಷನ್ ಬಣ್ಣದ ಆಯಿಲ್. ಮೇಲಿನ ಡಬ್ಬಿಯಲ್ಲಿದ್ದ ಹಳೆಯದನ್ನು ಹೀರಿ ತೆಗೆದು, ಹೊಸದನ್ನು ತುಂಬಿಸಿ ಕಳಿಸಿದ್ದರು ಅಷ್ಟೇ. ಪೈಪಿನಲ್ಲಿ, ಕ್ಯಾಲಿಪರಿನಲ್ಲಿ ಇದ್ದದ್ದು ಹಾಗೇ ಉಳಿದಿತ್ತು. ಬಿಸಿ ತಾಗುವುದು ಅಲ್ಲಿಗೇ ಅಲ್ವಾ?

ಆ ದಿನದಿಂದ ಬ್ರೇಕ್ ಆಯಿಲ್ ವಿಷಯದಲ್ಲಿ ನಾನು ತುಂಬಾ ಹಠಮಾರಿಯಾಗಿದ್ದೇನೆ. ಅವತ್ತಿನಿಂದ ಓದಿದ್ದು, ಕೈಯಾರೆ ಮಾಡಿ ಕಲಿತದ್ದು, ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕಮಗಳೂರು, ಹಾಸನದ ಕಡೆ ಜೋರಾದ ಕಾರು ಇಟ್ಟುಕೊಂಡು, ವರ್ಷಕ್ಕೊಂದೆರಡು ಸಲ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಟ್ರ್ಯಾಕಿಗೋ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಜೋರು ಅಂದರೆ ಟ್ರ್ಯಾಕಿನಲ್ಲಿ ಜೋರು. ಗಿರಿ ರಸ್ತೆಯಲ್ಲಿ ಜೀಪು, ಬಸ್ಸು, ದನ, ಶಾಲೆ ಮಕ್ಕಳು ಎಲ್ಲ ಬರುತ್ತಾರೆ. ಅಲ್ಲಿ ಆತುರ ಬೇಡ. ಆದರೆ ಆತುರವಿಲ್ಲದೆ ಇಳಿದರೂ ಘಾಟಿ ಬ್ರೇಕನ್ನು ಕಾಯಿಸುತ್ತದೆ, ಆಯಿಲ್ ಸರಿ ಇರಲೇಬೇಕು.

ಆಯಿಲ್ ಕುದಿಯುವುದು ಅಂದರೆ ಏನು

ಪೆಡಲ್ ಒತ್ತಿದಾಗ ನಿಮ್ಮ ಕಾಲಿನ ಬಲ ದ್ರವದ ಮೂಲಕ ಕ್ಯಾಲಿಪರ್‌ಗೆ ಹೋಗುತ್ತದೆ. ದ್ರವ ಕುಗ್ಗುವುದಿಲ್ಲ, ಅದಕ್ಕೇ ಈ ಏರ್ಪಾಡು ಕೆಲಸ ಮಾಡುತ್ತದೆ. ಆವಿ ಕುಗ್ಗುತ್ತದೆ. ಒಂದು ಹನಿ ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಹಿಡಿಯುತ್ತದೆ. ಕ್ಯಾಲಿಪರ್ ಒಳಗೆ ಕಡಲೆಕಾಳಿನಷ್ಟು ಗುಳ್ಳೆಗಳು ಎದ್ದರೂ ಸಾಕು. ನೀವು ಒತ್ತಿದ್ದೆಲ್ಲ ಆ ಗುಳ್ಳೆ ಹಿಂಡುವುದಕ್ಕೇ ಖರ್ಚಾಗುತ್ತದೆ, ಪ್ಯಾಡಿಗೆ ಏನೂ ತಲುಪುವುದಿಲ್ಲ.

ಎಷ್ಟು ಬಿಸಿ ಆಗುತ್ತದೆ ಅಂತ ಒಂದು ಲೆಕ್ಕ ನೋಡಿ. ಜನ ಕೂತ ಮೇಲೆ ಕಾರು 1,400 ಕೆಜಿ ಅಂತಿಟ್ಟುಕೊಳ್ಳಿ. ಮುಳ್ಳಯ್ಯನಗಿರಿ ಶಿಖರ ಇರುವುದು 1,930 ಮೀಟರ್ ಎತ್ತರದಲ್ಲಿ. ಮೇಲಿಂದ ಪೇಟೆಗೆ ಬರುವಷ್ಟರಲ್ಲಿ ಸುಮಾರು 800 ಮೀಟರ್ ಇಳಿಯುತ್ತೀರಿ. ಆ ಇಳಿತದಲ್ಲಿ ಕಾರು ಬಿಟ್ಟುಕೊಡುವ ಶಕ್ತಿ ಒಂದು ಕೋಟಿ ಜೂಲ್‌ಗೂ ಮೇಲೆ. ಬಚ್ಚಲಿನ ಹಂಡೆಯಲ್ಲಿ 35 ಲೀಟರ್ ತಣ್ಣೀರು ತುಂಬಿ ಕುದಿ ಬರಿಸುವಷ್ಟು! ಗಾಳಿಯ ತಡೆ, ಎಂಜಿನ್ನಿನ ಹಿಡಿತ ಒಂದು ಪಾಲು ತಿನ್ನುತ್ತವೆ. ಗೇರ್ ಕೆಳಗಿಳಿಸದೆ ಬರೀ ಬ್ರೇಕ್ ಮೇಲೆ ಇಳಿದರೆ ಉಳಿದದ್ದೆಲ್ಲ ನಾಲ್ಕು ಡಿಸ್ಕಿಗೆ ಹೋಗುತ್ತದೆ, ಅದರಲ್ಲೂ ಮುಂದಿನ ಎರಡಕ್ಕೆ ಜಾಸ್ತಿ. ಟ್ರ್ಯಾಕಿನಲ್ಲಂತೂ ಡಿಸ್ಕ್ 500 ಡಿಗ್ರಿ ದಾಟುವುದು ಮಾಮೂಲು.

ಇನ್ನು, ನನ್ನ ಬ್ರೇಕು ಇಳಿಯುವಾಗ ಸರಿಯಿದ್ದು ಕಾಫಿ ಕುಡಿದ ಮೇಲೆ ಯಾಕೆ ಹೋಯಿತು? ಕಾರು ಓಡುತ್ತಿರುವಾಗ ಗಾಳಿ ಬೀಸಿ ಕ್ಯಾಲಿಪರ್ ಸ್ವಲ್ಪ ತಣ್ಣಗಿರುತ್ತದೆ. ನಿಲ್ಲಿಸಿದ ಕೂಡಲೇ ಗಾಳಿ ನಿಲ್ಲುತ್ತದೆ, ಡಿಸ್ಕಿನ ಬಿಸಿ ನಿಧಾನಕ್ಕೆ ಪ್ಯಾಡ್ ದಾಟಿ, ಪಿಸ್ಟನ್ ದಾಟಿ, ಆಯಿಲ್‌ಗೆ ಇಳಿಯುತ್ತದೆ. ಒಲೆಯಿಂದ ಇಳಿಸಿದ ಮೇಲೂ ಕಬ್ಬಿಣದ ಬಾಣಲೆಯಲ್ಲಿ ಒಗ್ಗರಣೆ ಸೀದುಹೋಗುತ್ತದಲ್ಲ, ಅದೇ ಕಥೆ. ಆಯಿಲ್ ಅತಿ ಹೆಚ್ಚು ಬಿಸಿಯಾಗುವುದು ನೀವು ನಿಂತ ಮೇಲೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಮೊದಲು ಕಾಯಿಲೆ ಯಾವುದು ಅಂತ ಗುರುತಿಸಿ

ಬ್ರೇಕ್ ಸೋತಿತು ಅಂದ ಕೂಡಲೇ ಆಯಿಲ್ ತರಲು ಓಡಬೇಡಿ. ಸೋಲುವುದರಲ್ಲಿ ಎರಡು ಬಗೆ ಇದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದೆ, ಎಷ್ಟು ಒತ್ತಿದರೂ ಕಾರು ಮಾತ್ರ ನಿಲ್ಲುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಅಂದರೆ ಪ್ಯಾಡ್ ಸೋತಿದೆ. ಅದಕ್ಕೆ ಜಾಸ್ತಿ ಬಿಸಿ ತಡೆಯುವ ಪ್ಯಾಡ್ ಬೇಕು, ಎಂಥ ದುಬಾರಿ ಆಯಿಲ್ ಹಾಕಿದರೂ ಪ್ರಯೋಜನ ಇಲ್ಲ. ಪೆಡಲ್ ಮೆತ್ತಗಾಗಿದೆ, ಕೆಳಗೆ ಹೋಗುತ್ತಿದೆ, ಪಂಪ್ ಮಾಡಿದರೆ ಮೇಲೆ ಬರುತ್ತಿದೆ ಅಂದರೆ ಆಯಿಲ್ ಕುದಿದಿರಬಹುದು ಅಥವಾ ಏರ್ ಹಿಡಿದಿರಬಹುದು (ಪೈಪಿನೊಳಗೆ ಗಾಳಿ ಸೇರಿರಬಹುದು). ಬಿಸಿಯಾದಾಗ ಮಾತ್ರ ಹೀಗಾಗಿ ತಣ್ಣಗಾದ ಮೇಲೆ ಸರಿಹೋದರೆ ಅದು ಕುದಿತವೇ.

ತಣ್ಣಗಾದ ಮೇಲೆ ಸರಿಹೋಯಿತು ಅಂತ ಸುಮ್ನೆ ಬಿಡಬೇಡಿ. ಒಮ್ಮೆ ಕುದಿದಿದೆ ಅಂದರೆ ಮುಂದಿನ ಸಲ ಅಷ್ಟೇ ಬಿಸಿಗೆ ಮತ್ತೆ ಕುದಿಯುತ್ತದೆ. ಆಯಿಲ್ ಬದಲಾಯಿಸಿಯೇ ಮುಂದಿನ ಘಾಟಿ.

ಡಬ್ಬಿಯಲ್ಲಿ ಮಟ್ಟ ಕಡಿಮೆಯಾಗುತ್ತಿದ್ದರೆ ಪ್ಯಾಡ್ ಸವೆದಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿರಬಹುದು. ಅದನ್ನು ಮೊದಲು ಹುಡುಕಿ.

ಒಣ ಅಂಕಿ, ಒದ್ದೆ ಅಂಕಿ

ಬಾಟಲಿ ಮೇಲೆ ಡಾಟ್ 3, ಡಾಟ್ 4, ಡಾಟ್ 5.1 ಅಂತ ಇರುತ್ತದೆ. ಡಾಟ್ ಅಂದರೆ ಅಮೆರಿಕದ ಸಾರಿಗೆ ಇಲಾಖೆ, ಈ ದರ್ಜೆಗಳನ್ನು ಗೊತ್ತು ಮಾಡಿದ್ದು ಅವರು. ಪ್ರತಿ ದರ್ಜೆಗೂ ಎರಡು ಕುದಿಬಿಂದು ಇದೆ. ಬಾಟಲಿ ಆಗಷ್ಟೇ ಒಡೆದಾಗಿನದು ಒಣ ಅಂಕಿ. ಆಯಿಲ್‌ನಲ್ಲಿ ಶೇ 3.7ರಷ್ಟು ನೀರು ಸೇರಿದ ಮೇಲಿನದು ಒದ್ದೆ ಅಂಕಿ.

ಡಾಟ್ 3ಕ್ಕೆ ಕನಿಷ್ಠ 205 ಡಿಗ್ರಿ ಒಣದು, 140 ಒದ್ದೆಯದು. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಎಲ್ಲ ಸೆಲ್ಸಿಯಸ್‌ನಲ್ಲಿ. ಇವು ಕನಿಷ್ಠ ಮಿತಿ ಮಾತ್ರ. ಅದಕ್ಕೆ ಡಾಟ್ 4 ಅಂತ ಬರೆದ ಎರಡು ಬಾಟಲಿಗಳ ನಡುವೆ ಅಜಗಜಾಂತರ ಇರಬಹುದು. ಒಂದು 230ಕ್ಕೇ ಕುದಿಯುತ್ತದೆ, ಇನ್ನೊಂದು 312ರವರೆಗೆ ತಡೆಯುತ್ತದೆ. ದರ್ಜೆ ನೋಡಿ ನಿಲ್ಲಿಸಬೇಡಿ, ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಎರಡೂ ಅಂಕಿ ಓದಿ.

ನೀರು ಎಲ್ಲಿಂದ ಬರುತ್ತದೆ? ಗಾಳಿಯಿಂದಲೇ. ಗ್ಲೈಕಾಲ್ ಜಾತಿಯ ಬ್ರೇಕ್ ಆಯಿಲ್ ತೇವ ಹೀರುವ ವಸ್ತು. ನಮ್ಮ ಕಡೆ ಜುಲೈ ತಿಂಗಳಲ್ಲಿ ಉಪ್ಪಿನ ಡಬ್ಬಿ ಮುಚ್ಚಿಟ್ಟರೂ ಒಳಗೆ ನೀರೂರುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಬ್ರೇಕ್ ಆಯಿಲೂ ಹಾಗೇ. ಡಬ್ಬಿಯ ಮುಚ್ಚಳದ ಸಣ್ಣ ಗಾಳಿ ದಾರಿಯಿಂದ, ರಬ್ಬರ್ ಪೈಪುಗಳ ಗೋಡೆಯಿಂದಲೂ ತೇವ ನಿಧಾನಕ್ಕೆ ಒಳಗೆ ಸೇರುತ್ತದೆ. ಕಾರು ಓಡಿಸದೆ ಶೆಡ್ಡಿನಲ್ಲಿ ನಿಂತಿದ್ದರೂ ಸೇರುತ್ತದೆ. ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಾರ್ಚ್‌ಮೆಂಟ್ ಕಾಫಿ ಶೇ 10ರ ತೇವಕ್ಕೆ ಬಂದರೆ ಚೆನ್ನಾಗಿ ಒಣಗಿದೆ ಅಂತೀವಿ. ಬ್ರೇಕ್ ಆಯಿಲ್‌ಗೆ ಶೇ 3.7 ಅಂದರೆ ಅದರ ಕಾಲ ಮುಗಿಯಿತು.

ಈಗ ಈ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಟ್ರ್ಯಾಕಿಗೆ ಹೋಗುವವರಲ್ಲಿ ತುಂಬಾ ಹೆಸರಾದ ಮೊಟುಲ್ ಆರ್‌ಬಿಎಫ್ 600ರ ಒಣ ಅಂಕಿ 312, ಒದ್ದೆ ಅಂಕಿ 205ರ ಆಸುಪಾಸು. ಅಂದರೆ ನೀರು ಸೇರಿದ ಆರ್‌ಬಿಎಫ್ 600, ಇವತ್ತು ಒಡೆದ ಸಾಧಾರಣ ಡಾಟ್ 4ಗಿಂತ ಮೊದಲೇ ಕುದಿಯುತ್ತದೆ. ಸಾಧಾರಣ ಅಂದರೂ ಹೊಸ ಡಾಟ್ 4 ಕನಿಷ್ಠ 230 ತಡೆಯಬೇಕಲ್ಲ. ಬಾಟಲಿಗೆ ಎಷ್ಟು ಕೊಟ್ಟಿರಿ ಅನ್ನುವುದಕ್ಕಿಂತ ಅದು ಕಾರಿನೊಳಗೆ ಹೋಗಿ ಎಷ್ಟು ಮಳೆಗಾಲ ಆಯಿತು ಅನ್ನುವುದು ಮುಖ್ಯ. ನಮ್ಮ ಮಲೆನಾಡಿನಲ್ಲಿ ಈ ಮಾತಿಗೆ ಇನ್ನೂ ಜಾಸ್ತಿ ತೂಕ. ಆಯಿಲ್ ಆರಿಸುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ: ನಾನು ಇದನ್ನು ಎಷ್ಟು ತಿಂಗಳಿಗೊಮ್ಮೆ ಬದಲಾಯಿಸುತ್ತೇನೆ? ಉತ್ತರ ಪ್ರಾಮಾಣಿಕವಾಗಿರಲಿ.

ಹಾಕಲೇಬಾರದ್ದು

ಡಾಟ್ 5. ಹೆಸರು ಕೇಳಿದರೆ ಡಾಟ್ 4ರ ಅಣ್ಣ ಅನಿಸುತ್ತದೆ. ಆದರೆ ಅದು ಸಿಲಿಕೋನ್, ಬೇರೆಯದೇ ವಸ್ತು, ಬಣ್ಣವೂ ನೇರಳೆ. ಗ್ಲೈಕಾಲ್ ಜೊತೆ ಬೆರೆಯುವುದಿಲ್ಲ. ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುವುದಿಲ್ಲವಾದ್ದರಿಂದ ಒಳಗೆ ಸೇರಿದ ನೀರು ಹನಿಯಾಗಿ ತಗ್ಗಿನಲ್ಲಿ ಕೂರುತ್ತದೆ, ತಗ್ಗು ಅಂದರೆ ಕ್ಯಾಲಿಪರ್. ಅಲ್ಲಿ 100 ಡಿಗ್ರಿಗೇ ಕುದಿಯುತ್ತದೆ. ಸಣ್ಣ ಗಾಳಿ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುವ ಗುಣವೂ ಇದೆ, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ತಡೆಯುವ ಏರ್ಪಾಡು) ಇರುವ ಕಾರಿಗೆ ಅದು ಒಗ್ಗುವುದಿಲ್ಲ. ಡಾಟ್ 5 ಬೇರೆ, ಡಾಟ್ 5.1 ಬೇರೆ. ಅಂಗಡಿಯಲ್ಲಿ ಕೇಳುವಾಗ ಆ ‘ಪಾಯಿಂಟ್ ಒಂದು’ ಒತ್ತಿ ಹೇಳಿ, ಬಾಟಲಿ ಕೈಗೆ ಬಂದ ಮೇಲೆ ಮತ್ತೊಮ್ಮೆ ಓದಿ.

ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಒಂದು ಹನಿಯೂ ಹೋಗಬಾರದು. ರಬ್ಬರ್ ಸೀಲುಗಳೆಲ್ಲ ಊದಿಕೊಳ್ಳುತ್ತವೆ. ‘ಬ್ರೇಕ್ ಆಯಿಲ್’ ಅಂತ ನಾವೆಲ್ಲ ಕರೆದರೂ ಅದು ಎಣ್ಣೆ ಅಲ್ಲ. ಹೊಸ ಹುಡುಗರು ಈ ಹೆಸರಿನಿಂದ ಮೋಸ ಹೋಗಿ ಎಂಜಿನ್ ಆಯಿಲ್ ಅಳೆಯುವ ಜಿಡ್ಡಿನ ಕೊಳವೆಯಲ್ಲೇ ಬ್ರೇಕ್ ಆಯಿಲ್ ಸುರಿಯುವುದನ್ನು ಕಣ್ಣಾರೆ ನೋಡಿ ತಡೆದಿದ್ದೇನೆ.

ನಿಮಗೆ ಯಾವುದು?

ಮೊದಲು ಡಬ್ಬಿಯ ಮುಚ್ಚಳ ನೋಡಿ. ಅದರ ಮೇಲೆ ಯಾವ ದರ್ಜೆ ಅಂತ ಅಚ್ಚಾಗಿರುತ್ತದೆ. ಅದಕ್ಕಿಂತ ಕೆಳಗಿನದಕ್ಕೆ ಹೋಗಬೇಡಿ. ಡಾಟ್ 4 ಕೇಳುವ ಕಾರಿಗೆ ಸಾಮಾನ್ಯವಾಗಿ 5.1 ಹಾಕಬಹುದು. ಆದರೆ ಮ್ಯಾನ್ಯುಯಲ್ ಬೇಡ ಅಂದಿದ್ದರೆ ಬೇಡ.

ಕಾರಿನಲ್ಲಿ ಇಎಸ್‌ಪಿ (ಕಾರು ಜಾರದ ಹಾಗೆ ತಾನೇ ಬ್ರೇಕ್ ಹಾಕುವ ಏರ್ಪಾಡು) ಇದ್ದರೆ ಇನ್ನೊಂದು ವಿಷಯ ಇದೆ. ಅದು ಸೆಕೆಂಡಿಗೆ ಹಲವು ಸಲ ಸಣ್ಣ ಸಣ್ಣ ವಾಲ್ವ್ ತೆರೆದು ಮುಚ್ಚಿ ಆಯಿಲ್ ಓಡಿಸುತ್ತದೆ, ಅದಕ್ಕೆ ತೆಳ್ಳಗಿನ ಆಯಿಲ್ ಇಷ್ಟ. ಮೈನಸ್ 40 ಡಿಗ್ರಿ ಚಳಿಯಲ್ಲಿ ಡಾಟ್ 4 ಎಷ್ಟು ದಪ್ಪ ಇರಬಹುದು ಅನ್ನುವುದಕ್ಕೆ ಮಿತಿ 1,800 ಸೆಂಟಿಸ್ಟೋಕ್ (ಅಂಕಿ ಕಡಿಮೆಯಾದಷ್ಟೂ ಆಯಿಲ್ ತೆಳ್ಳಗೆ), 5.1ಕ್ಕೆ 900, ಐಎಸ್‌ಒ 4925 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಕ್ಲಾಸ್ 6ಕ್ಕೆ 750. ಈ ಕ್ಲಾಸ್ 6 ಜಾತಿಯನ್ನೇ ಡಾಟ್ 4 ಎಲ್‌ವಿ (ಲೋ ವಿಸ್ಕಾಸಿಟಿ, ಅಂದರೆ ತೆಳ್ಳಗಿನದು) ಅಂತ ಮಾರುತ್ತಾರೆ. ಅದರ ಕುದಿಬಿಂದು 250 ಮತ್ತು 165. ನಮ್ಮ ಊರಿನಲ್ಲಿ ಮೈನಸ್ 40 ಎಲ್ಲಿಂದ ಬರಬೇಕು? ಅದಕ್ಕೆ ಟ್ರ್ಯಾಕಿಗೆ ಅಂತ ಸ್ವಲ್ಪ ದಪ್ಪನೆಯ ರೇಸಿಂಗ್ ಆಯಿಲ್ ಹಾಕಿದರೆ ನನಗೆ ಭಯ ಇಲ್ಲ. ದಿನಾ ಓಡಿಸುವ ಕಾರಿಗೆ ಕಂಪನಿ ಎಲ್‌ವಿ ಹೇಳಿದ್ದರೆ ಮಾತ್ರ ನಾನು ಅದನ್ನೇ ಹಾಕುತ್ತೇನೆ.

ಇನ್ನು ನನ್ನ ಸಲಹೆ. ಟ್ರ್ಯಾಕಿಗೆ ಹೋಗುವುದಿಲ್ಲ, ವಾರದ ಕೊನೆಗೆ ಚಾರ್ಮಾಡಿಯೋ ಶಿರಾಡಿಯೋ ಇಳಿದು ಬರುತ್ತೇನೆ ಅನ್ನುವವರಿಗೆ ಕಂಪನಿ ಹೇಳಿದ ಡಾಟ್ 4 ಸಾಕು. ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ, ಅಷ್ಟೇ. ಕಂಪನಿಗಳು ಸಾಮಾನ್ಯವಾಗಿ ಎರಡು ವರ್ಷ ಅನ್ನುತ್ತವೆ. ಮಲೆನಾಡಿನ ಮಳೆಗೆ, ಘಾಟಿಗೆ, ಒಂದು ವರ್ಷ ಅಂತಿಟ್ಟುಕೊಳ್ಳಿ. ಮಳೆ ನಿಂತ ಮೇಲೆ, ನವೆಂಬರ್ ಹೊತ್ತಿಗೆ ಮಾಡಿದರೆ ಒಳ್ಳೆಯದು. ಆಮೇಲಿನ ಒಣ ತಿಂಗಳುಗಳೇ ನಾವು ಕಾರನ್ನು ಜಾಸ್ತಿ ಓಡಿಸುವ ಕಾಲ ಅಲ್ವಾ?

ವರ್ಷಕ್ಕೆ ಒಂದೆರಡು ಟ್ರ್ಯಾಕ್ ದಿನ, ಉಳಿದಂತೆ ದಿನಬಳಕೆ ಅನ್ನುವವರಿಗೆ ನಡುವಿನ ದಾರಿ ಇದೆ. ಎಟಿಇ ಟೈಪ್ 200 ಅಂತ ಒಂದು ಡಾಟ್ 4 ಇದೆ, 280 ಮತ್ತು 198. ಒಣ ಅಂಕಿ ರೇಸಿಂಗ್ ಆಯಿಲ್‌ನಷ್ಟಿಲ್ಲ, ಆದರೆ ಒದ್ದೆಯಾದ ಮೇಲೆ ಹೆಚ್ಚುಕಮ್ಮಿ ಅದರ ಸಮಕ್ಕೆ ನಿಲ್ಲುತ್ತದೆ. ನನ್ನ ಕಾರಿನಲ್ಲಿ ಈಗ ಇರುವುದು ಈ ವರ್ಗದ್ದೇ. ಒಳ್ಳೆಯ 5.1 ಕೂಡ ಇಲ್ಲಿಗೆ ಹೊಂದುತ್ತದೆ.

ತಿಂಗಳು ತಿಂಗಳು ಟ್ರ್ಯಾಕಿಗೆ ಹೋಗುವವರು, ತೋಟದ ಮಣ್ಣುರಸ್ತೆಗಳಲ್ಲಿ ನಡೆಯುವ ರ‍್ಯಾಲಿಗೆ ಇಳಿಯುವವರು ಆರ್‌ಬಿಎಫ್ 600 ತರಹದ್ದು ಹಾಕಲಿ. ಆದರೆ ಪ್ರತಿ ಸಲ ಹೋಗುವ ಮೊದಲು ಕ್ಯಾಲಿಪರಿನಲ್ಲಿದ್ದದ್ದನ್ನು ಬ್ಲೀಡ್ ಮಾಡಿ, ಅಂದರೆ ನಿಪ್ಪಲ್‌ನಿಂದ ಹೊರಗೆ ಹರಿಸಿ, ಹೊಸದು ತುಂಬಲೇಬೇಕು. ಅದು ಆಗದು, ಆದರೆ ಕಾರು ಭಾರ, ಬ್ರೇಕ್ ಮೇಲೆ ಹೊರೆ ಜಾಸ್ತಿ ಅನ್ನುವವರಿಗೆ ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್ ಇದೆ. ಅದರ ಒಣ ಅಂಕಿ 320, ಒದ್ದೆ ಅಂಕಿ 270. ನೀರು ಸೇರಿದ ಮೇಲೂ 270! ಬೆಲೆ ಮಾಮೂಲಿ ಆಯಿಲ್‌ನ ಹಲವು ಪಟ್ಟು. ಕಾರು ದೊಡ್ಡದಿದ್ದು, ಬದಲಾಯಿಸುವ ಪುರುಸೊತ್ತು ಇಲ್ಲದವರಿಗೆ ಆ ದುಡ್ಡು ದಂಡ ಅಲ್ಲ.

ನಿಜವಾಗಿ ಎಷ್ಟು ಬಿಸಿಯಾಗುತ್ತದೆ ಅಂತ ಅಳೆಯುವುದೂ ಸುಲಭ. ಬಿಸಿ ತಾಗಿದರೆ ಬಣ್ಣ ಬದಲಾಯಿಸುವ ಸ್ಟಿಕ್ಕರ್ ಪಟ್ಟಿಗಳು ಸಿಗುತ್ತವೆ. ಕ್ಯಾಲಿಪರ್ ಒರೆಸಿ ಅಂಟಿಸಿ, ಟ್ರ್ಯಾಕಿಗೆ ಹೋಗಿ ಬನ್ನಿ. ಯಾವ ಅಂಕಿಯ ಚೌಕ ಕಪ್ಪಾಗಿದೆಯೋ ಅಲ್ಲಿಯವರೆಗೆ ಬಿಸಿ ಮುಟ್ಟಿದೆ ಅಂತ. ನಿಮ್ಮ ಆಯಿಲ್‌ನ ಒದ್ದೆ ಅಂಕಿ ಅದಕ್ಕಿಂತ ಸಾಕಷ್ಟು ಮೇಲಿದ್ದರೆ ನೆಮ್ಮದಿ. ಹತ್ತಿರ ಇದ್ದರೆ ಒಂದು ಮೆಟ್ಟಿಲು ಮೇಲಿನದು ತನ್ನಿ. ಮಾತು ಕೇಳಿ ಕೊಳ್ಳುವುದಕ್ಕಿಂತ ಈ ಪಟ್ಟಿಗೆ ಕೊಡುವ ದುಡ್ಡು ಸಾರ್ಥಕ.

ಕೊಳ್ಳುವಾಗ

ಸೀಲ್ ಒಡೆಯದ ಬಾಟಲಿ ಮಾತ್ರ. ತಯಾರಾದ ದಿನಾಂಕ ನೋಡಿ, ಹೊಸದಿದ್ದಷ್ಟೂ ಒಳ್ಳೆಯದು. ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಡಾಟ್ 3, ಡಾಟ್ 4 ಸುಲಭವಾಗಿ ಸಿಗುತ್ತದೆ, ರೇಸಿಂಗ್ ಜಾತಿಯದನ್ನು ಬೆಂಗಳೂರಿನಿಂದ ತರಿಸಬೇಕಾಗಬಹುದು. ಹಾಗಿದ್ದರೆ ಟ್ರ್ಯಾಕ್ ದಿನಕ್ಕೆ ಮೂರು ವಾರ ಮೊದಲೇ ಹೇಳಿಡಿ. ಒಂದು ಲೀಟರ್ ಬೇಕಾಗುತ್ತದೆ. ಒಂದು ಲೀಟರ್‌ನ ಒಂದೇ ಬಾಟಲಿಗಿಂತ ಅರ್ಧ ಲೀಟರ್‌ನ ಎರಡು ತೆಗೆದುಕೊಳ್ಳಿ, ಎರಡನೆಯದನ್ನು ಬೇಕಾದಾಗ ಮಾತ್ರ ಒಡೆಯಬಹುದು. ಒಡೆದು ಉಳಿದದ್ದನ್ನು ಮುಂದಿನ ವರ್ಷಕ್ಕೆ ಎತ್ತಿಡುವುದು ಬೇಡ. ಅಟ್ಟದ ಮೇಲಿನ ಅರ್ಧ ಬಾಟಲಿ ಒಂದು ಮಳೆಗಾಲ ಕಳೆದರೆ ಬಳಕೆಗೆ ಯೋಗ್ಯವಲ್ಲ.

ಬದಲಾಯಿಸುವ ಕೆಲಸ

ಇದಕ್ಕೆ ಇಬ್ಬರು ಬೇಕು, ಒಂದು ಒಣ ದಿನ ಬೇಕು, ಆತುರ ಇರಬಾರದು. ಬ್ರೇಕ್ ಕೆಲಸ ಹಿಂದೆ ಮಾಡಿಲ್ಲದಿದ್ದರೆ ಮೊದಲ ಸಲ ನಂಬಿಕೆಯ ಮೆಕ್ಯಾನಿಕ್ ಪಕ್ಕದಲ್ಲಿರಲಿ. ಬೇಕಾದ ಸಾಮಾನು: ಜಾಕಿ, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಅಡ್ಡಗಲ್ಲು, ನಿಪ್ಪಲ್‌ಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್ (ಸಾಮಾನ್ಯವಾಗಿ 8ರಿಂದ 11 ಎಂಎಂ ಒಳಗೆ), ಒಂದು ಮೊಳ ಪಾರದರ್ಶಕ ಪ್ಲಾಸ್ಟಿಕ್ ಪೈಪು, ಖಾಲಿ ಬಾಟಲಿ, ದೊಡ್ಡ ಸಿರಿಂಜ್, ಕೈಗವಸು, ಕಣ್ಣಿಗೆ ಕನ್ನಡಕ, ಬಕೆಟ್‌ನಲ್ಲಿ ನೀರು. ನೀರು ಯಾಕೆಂದರೆ ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಹನಿ ಬಿದ್ದರೆ ಒರೆಸುತ್ತಾ ಕೂರಬೇಡಿ, ಕೂಡಲೇ ನೀರು ಸುರಿಯಿರಿ.

ಡಬ್ಬಿಯ ಸುತ್ತ ಬಟ್ಟೆ ಹಾಸಿ. ಮುಚ್ಚಳದ ಮೇಲಿನ ಮಣ್ಣು ಒರೆಸಿ ತೆಗೆಯಿರಿ. ಹಳೆಯದನ್ನು ಸಿರಿಂಜ್‌ನಿಂದ ಹೀರಿ, ತಳದಲ್ಲಿ ಸ್ವಲ್ಪ ಬಿಟ್ಟು, ಹೊಸದನ್ನು ತುಂಬಿ. ನನ್ನ ಕಾರಿಗೆ ಆ ಗ್ಯಾರೇಜಿನಲ್ಲಿ ಮಾಡಿದ್ದು ಇಷ್ಟು ಮಾತ್ರ. ನಿಜವಾದ ಕೆಲಸ ಇಲ್ಲಿಂದ ಶುರು.

ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಭಾಗ) ಅತಿ ದೂರದ ಚಕ್ರ ಮೊದಲು. ನಮ್ಮ ಬಲಗೈ ಸ್ಟೀರಿಂಗ್ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಕೆಲವು ಎಬಿಎಸ್ ಕಾರುಗಳಿಗೆ ಬೇರೆ ಕ್ರಮ ಇದೆ, ಮ್ಯಾನ್ಯುಯಲ್ ಹೇಳಿದ್ದೇ ಕೊನೆ. ದೊಡ್ಡ ಕ್ಯಾಲಿಪರ್‌ಗಳಲ್ಲಿ ಒಳಗೊಂದು, ಹೊರಗೊಂದು ಎರಡು ನಿಪ್ಪಲ್ ಇರುತ್ತದೆ. ಎರಡನ್ನೂ ಮಾಡಬೇಕು, ಒಂದನ್ನು ಮರೆತರೆ ಅರ್ಧ ಕ್ಯಾಲಿಪರಿನಲ್ಲಿ ಹಳೆಯದೇ ಉಳಿಯುತ್ತದೆ.

ನಿಪ್ಪಲ್‌ಗೆ ಮೊದಲು ಸ್ಪ್ಯಾನರ್, ಆಮೇಲೆ ಪೈಪು ಸಿಕ್ಕಿಸಿ. ಪೈಪಿನ ಇನ್ನೊಂದು ತುದಿ ಬಾಟಲಿಯಲ್ಲಿ ಸ್ವಲ್ಪ ಆಯಿಲ್‌ನಲ್ಲಿ ಮುಳುಗಿರಲಿ, ಗಾಳಿ ವಾಪಸ್ ಹೋಗಬಾರದು. ಚಿಕ್ಕಪ್ಪನ ಮಗ ಸೀಟಿನಲ್ಲಿ ಕೂರುತ್ತಾನೆ, ನಾನು ಚಕ್ರದ ಹತ್ತಿರ. ನಮ್ಮಿಬ್ಬರ ಮಾತು ಹೀಗಿರುತ್ತದೆ:

“ಒತ್ತು.”

“ಒತ್ತಿದೆ ಅಣ್ಣ, ಹಿಡ್ಕೊಂಡಿದೀನಿ.”

ನಾನು ನಿಪ್ಪಲ್ ಕಾಲು ಸುತ್ತು ಸಡಿಲಿಸುತ್ತೇನೆ. ಕಪ್ಪು ಆಯಿಲ್ ಪೈಪಿನಲ್ಲಿ ಓಡುತ್ತದೆ.

“ಕೆಳಗೆ ಹೋಯ್ತಣ್ಣ.”

“ಬಿಡ್ಬೇಡ, ತಡಿ.” ನಿಪ್ಪಲ್ ಬಿಗಿ ಮಾಡುತ್ತೇನೆ. “ಹ್ಞಾಂ, ಈಗ ಬಿಡು.”

ನಿಪ್ಪಲ್ ಮುಚ್ಚುವ ಮೊದಲು ಪೆಡಲ್ ಬಿಟ್ಟರೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಪ್ರತಿ ಸಲ ಬಾಯಿಬಿಟ್ಟು ಹೇಳಲೇಬೇಕು. ಕಣ್ಸನ್ನೆ, ಊಹೆ ಬೇಡ. ಪೆಡಲ್ ನಿಧಾನಕ್ಕೆ ಒತ್ತಲಿ. ಹಳೆಯ ಕಾರಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ದಿನಾ ತಾಗದ ಜಾಗದವರೆಗೆ ಪಿಸ್ಟನ್ ಹೋದರೆ ಅಲ್ಲಿನ ಕೊಳೆ, ತುಕ್ಕು ಮಾಸ್ಟರ್ ಸಿಲಿಂಡರ್ ಸೀಲನ್ನು ಗೀರಿಬಿಡುತ್ತದೆ.

ಐದಾರು ಸಲಕ್ಕೊಮ್ಮೆ ಎದ್ದು ಡಬ್ಬಿಯ ಮಟ್ಟ ನೋಡಿ, ಮತ್ತೆ ತುಂಬಿ. ಡಬ್ಬಿ ಒಮ್ಮೆ ಖಾಲಿಯಾದರೆ ಗಾಳಿ ಎಬಿಎಸ್ ಘಟಕಕ್ಕೆ ಸೇರುತ್ತದೆ. ಹಲವು ಕಾರುಗಳಲ್ಲಿ ಅದನ್ನು ತೆಗೆಯಲು ಸ್ಕ್ಯಾನರ್ ಹಾಕಿ ಎಬಿಎಸ್ ಪಂಪ್ ಓಡಿಸಲೇಬೇಕು, ಮನೆಯಲ್ಲಿ ಆಗುವ ಮಾತಲ್ಲ.

ಪೈಪಿನಲ್ಲಿ ಬಣ್ಣ ಬದಲಾಗುವ ಕ್ಷಣ ನೋಡುವುದೇ ನನಗೆ ಖುಷಿ. ಡಿಕಾಕ್ಷನ್ ಬಣ್ಣ ತೆಳುವಾಗುತ್ತಾ, ನಡುವೆ ಸಾಸಿವೆಯಷ್ಟು ಒಂದೆರಡು ಗುಳ್ಳೆ ಓಡಿ, ಆಮೇಲೆ ತಿಳಿ ಜೇನಿನ ಬಣ್ಣ ಎಡೆಬಿಡದೆ ಬರುತ್ತದೆ. ಬಂದ ಮೇಲೂ ಇನ್ನು ನಾಲ್ಕೈದು ಸಲ ಒತ್ತಿಸಿ. ಆಮೇಲೆ ನಿಪ್ಪಲ್ ಬಿಗಿ ಮಾಡಿ, ಆದರೆ ಮೈಮೇಲೆ ಬಂದ ಹಾಗೆ ಬಿಗಿಯಬೇಡಿ. ನಡುವೆ ತೂತಿರುವ ಸಣ್ಣ ಬೋಲ್ಟ್ ಅದು, ಮುರಿದರೆ ಕ್ಯಾಲಿಪರೇ ಬಿಚ್ಚಬೇಕಾಗುತ್ತದೆ. ರಬ್ಬರ್ ಟೋಪಿ ಮರೆಯದೆ ಹಾಕಿ, ಇಲ್ಲದಿದ್ದರೆ ಮಳೆನೀರು ಕೂತು ನಿಪ್ಪಲ್ ತುಕ್ಕು ಹಿಡಿಯುತ್ತದೆ.

ಹಲವು ಕಾರುಗಳಲ್ಲಿ ಕ್ಲಚ್ ಕೂಡ ಇದೇ ಡಬ್ಬಿಯಿಂದ ಆಯಿಲ್ ತೆಗೆದುಕೊಳ್ಳುತ್ತದೆ. ಹಾಗಿದ್ದರೆ ಅದನ್ನೂ ಬ್ಲೀಡ್ ಮಾಡಿ.

ರಸ್ತೆಗೆ ಇಳಿಯುವ ಮೊದಲು, ಇಳಿದ ಮೇಲೆ

ಎಂಜಿನ್ ಆಫ್ ಇದ್ದಾಗ ಪೆಡಲ್ ಹತ್ತು ಸಲ ಒತ್ತಿ. ಗಟ್ಟಿಯಾಗಿ ನಿಲ್ಲಬೇಕು. ಒತ್ತಿ ಹಿಡಿದುಕೊಂಡೇ ಎಂಜಿನ್ ಶುರು ಮಾಡಿ, ಸ್ವಲ್ಪ ಕೆಳಗೆ ಹೋಗಿ ನಿಲ್ಲುತ್ತದೆ, ಅದು ಬೂಸ್ಟರ್ (ಕಾಲಿನ ಬಲವನ್ನು ಹೆಚ್ಚಿಸುವ ಭಾಗ) ಕೆಲಸ ಮಾಡುತ್ತಿರುವ ಗುರುತು. ನಿಧಾನಕ್ಕೆ ಕೆಳಗೆ ಜಾರುತ್ತಲೇ ಇದ್ದರೆ ಕಾರು ತೆಗೆಯಬೇಡಿ, ಎಲ್ಲೋ ಸೋರುತ್ತಿದೆ. ನಾಲ್ಕೂ ನಿಪ್ಪಲ್ ಹತ್ತಿರ ಒಣ ಕಾಗದ ಒತ್ತಿ ನೋಡಿ, ಒದ್ದೆ ಆಗಬಾರದು. ಆಮೇಲೆ ಸಮತಟ್ಟಾದ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಐದಾರು ಸಲ, ಆಮೇಲೆ 40ರಲ್ಲಿ ಹಲವು ಸಲ ಬ್ರೇಕ್ ಹಾಕಿ ನೋಡಿ. ಘಾಟಿ ಅದಾದ ಮೇಲೆ.

ಘಾಟಿಯಲ್ಲಿ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಅಂತ ಹಳೆಯ ಲಾರಿ ಡ್ರೈವರ್‌ಗಳು ಹೇಳುತ್ತಾರೆ. ಸ್ಪೋರ್ಟ್ಸ್ ಕಾರಿಗೂ ಅದು ಅಷ್ಟೇ ನಿಜ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಒತ್ತಿ, ವೇಗ ಇಳಿಸಿ, ಬಿಡಿ, ತಣ್ಣಗಾಗಲಿ. ಕೊನೆಯ ಎರಡು ಕಿಲೋಮೀಟರ್ ನಿಧಾನಕ್ಕೆ, ಆದಷ್ಟು ಬ್ರೇಕ್ ಮುಟ್ಟದೆ ಬನ್ನಿ. ಟ್ರ್ಯಾಕಿನಲ್ಲಾದರೆ ಕೊನೆಯ ಸುತ್ತು ಹೀಗೇ ಇರಲಿ, ಪಿಟ್‌ಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಚಕ್ರಕ್ಕೆ ಕಲ್ಲು ಕೊಡಿ. ನಿಂತು ಹೊರಡುವಾಗಲೆಲ್ಲ ಕಾರು ಉರುಳುವ ಮೊದಲೇ ಪೆಡಲ್ ಒಮ್ಮೆ ಒತ್ತಿ ನೋಡಿ. ಕೈಮರದಲ್ಲಿ ನಾನು ಆ ಒಂದು ಸೆಕೆಂಡಿನ ಕೆಲಸ ಮಾಡಿದ್ದರೆ ಜೀಪಿನ ಎದುರಿಗೆ ಹೋಗುತ್ತಲೇ ಇರಲಿಲ್ಲ.

ನಡುವೆ ಆಯಿಲ್ ಹೇಗಿದೆ ಅಂತ ತಿಳಿಯಲು ಪೆನ್ನಿನ ಹಾಗಿರುವ ಟೆಸ್ಟರ್‌ಗಳು ಸಿಗುತ್ತವೆ. ಅವು ಆಯಿಲ್‌ನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ ನೀರಿನ ಅಂದಾಜು ಹೇಳುತ್ತವೆ, ಅದೂ ಮೇಲಿನ ಡಬ್ಬಿಯದು. ಕೆಂಪು ದೀಪ ಹತ್ತಿದರೆ ಬದಲಾಯಿಸಿ, ಹಸಿರು ಹತ್ತಿದರೆ ಅದನ್ನೇ ನಂಬಿ ಕೂರಬೇಡಿ. ಆಯಿಲ್‌ನ ಒಂದಿಷ್ಟನ್ನು ನಿಜವಾಗಿ ಕಾಯಿಸಿ ಕುದಿಬಿಂದು ಹೇಳುವ ಯಂತ್ರ ಇರುವ ಗ್ಯಾರೇಜ್ ಸಿಕ್ಕಿದರೆ ಅಲ್ಲಿ ನೋಡಿಸಿ. ಆ ಅಂಕಿ ನಂಬಬಹುದು. ಗ್ಯಾರೇಜಿನಲ್ಲೇ ಬದಲಾಯಿಸಿಕೊಳ್ಳುವವರು ಪಕ್ಕದಲ್ಲಿ ನಿಂತು, ನಾಲ್ಕೂ ಚಕ್ರದ ನಿಪ್ಪಲ್‌ನಿಂದ ಹೊಸ ಬಣ್ಣ ಬರುವುದನ್ನು ಕಣ್ಣಾರೆ ನೋಡಿ. ಹಳೆಯ ಆಯಿಲ್ ಬಾಟಲಿಯಲ್ಲಿ ತೋರಿಸಿ ಅಂತ ಕೇಳಿ. ಸಂಕೋಚ ಬೇಡ.

ಹಳೆಯ ಆಯಿಲ್ ವಿಷ. ರುಚಿ ತುಸು ಸಿಹಿ ಇರುವುದರಿಂದ ನಾಯಿ, ಮಕ್ಕಳಿಗೆ ಅಪಾಯ ಜಾಸ್ತಿ. ಚರಂಡಿಗೆ, ಹಳ್ಳಕ್ಕೆ, ಕಾಫಿ ಗಿಡದ ಬುಡಕ್ಕೆ ಚೆಲ್ಲಬೇಡಿ. ಗಟ್ಟಿ ಮುಚ್ಚಳದ ಬಾಟಲಿಗೆ ತುಂಬಿ, ಮೇಲೆ ಹೆಸರು ಬರೆದು, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಎಂಜಿನ್ ಆಯಿಲ್ ಜೊತೆ ಬೆರೆಸದೆ ಬೇರೆಯಾಗಿಯೇ ಕೊಡಿ. ಕೈ ತೊಳೆದ ಮೇಲೆ ಒಂದು ಮಾರ್ಕರ್ ಪೆನ್ ತೆಗೆದುಕೊಂಡು ಚೀಟಿಯೊಂದರಲ್ಲಿ ಆಯಿಲ್‌ನ ಹೆಸರು, ತಿಂಗಳು, ಕಿಲೋಮೀಟರ್ ಬರೆದು ಡಬ್ಬಿಯ ಪಕ್ಕ ಅಂಟಿಸಿ. ಮುಂದಿನ ಮಳೆಗಾಲ ಮುಗಿದು ಬಾನೆಟ್ ಎತ್ತಿದಾಗ ಮೊದಲು ಕಣ್ಣಿಗೆ ಬೀಳುವ ಜಾಗದಲ್ಲಿ ಅದು ಇರಲಿ.